ಮೂರು ಮಕ್ಕಳು, 187 ಡಿಸ್ಕ್: ನಮ್ಮ ಮನೆಯ ಒಂದು ಪ್ರಕರಣ

ಮಕ್ಕಳು ಮಲಗಿದ ಮೇಲೆ ಒಂದು ಹಳೆಯ ಸಿನಿಮಾ ನೋಡೋಣ ಅಂತ ನಾವಿಬ್ಬರು ಕೂತೆವು. ಡಬ್ಬಿ ಸಿಕ್ಕಿತು. ತೆಗೆದರೆ ಒಳಗೆ ಕಾರ್ಟೂನಿನ ಡಿಸ್ಕ್. ಸರಿ, ಕಾರ್ಟೂನಿನ ಡಬ್ಬಿ ಹುಡುಕಿದೆ. ಅದರಲ್ಲಿ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ಕೂತಿತ್ತು. ಸಾಕ್ಷ್ಯಚಿತ್ರದ ಡಬ್ಬಿಯಲ್ಲಿ ಏನೂ ಇರಲಿಲ್ಲ. ಮುಕ್ಕಾಲು ಗಂಟೆ ತಡಕಾಡಿ, ಸಿನಿಮಾ ನೋಡದೆ ಮಲಗಿದೆವು. ಬೈಯಲು ಮಕ್ಕಳನ್ನು ಎಬ್ಬಿಸಲಿಲ್ಲ. ಆ ರಾತ್ರಿ ನಾನು ತೋರಿಸಿದ ಜಾಣತನ ಅದೊಂದೇ.

ಮಕ್ಕಳು ಮೂವರು. ದೊಡ್ಡವಳಿಗೆ 11, ನಡುವಿನವನಿಗೆ 7, ಚಿಕ್ಕವಳಿಗೆ 4. ಡಿಸ್ಕ್ ಕೂಡಿಡುವ ಚಟ ನನಗೂ ಹೆಂಡತಿಗೂ ಮದುವೆಗೆ ಮುಂಚಿನಿಂದಲೇ ಇತ್ತು. ಇಬ್ಬರದೂ ಸೇರಿ ಒಂದು ರಾಶಿಯಾಯಿತು. ಆಮೇಲೆ ಮಕ್ಕಳ ಸಿನಿಮಾಗಳು ಬಂದವು. ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುವಾಗ ಡಿಸ್ಕ್ ಯಾಕೆ ಅಂತ ಕೇಳುವವರಿದ್ದಾರೆ. ಆನ್‌ಲೈನ್‌ನಲ್ಲಿ ಇವತ್ತು ಇದ್ದ ಸಿನಿಮಾ ಮುಂದಿನ ತಿಂಗಳು ಮಾಯವಾಗಬಹುದು. ನಮಗೆ ಮುಖ್ಯವಾದ ಕಾರಣ ಇನ್ನೊಂದಿದೆ. ಸಿನಿಮಾ ಮುಗಿದರೆ ಡಿಸ್ಕ್ ಸುಮ್ನೆ ನಿಲ್ಲುತ್ತದೆ. ತಾನಾಗಿ ಇನ್ನೊಂದನ್ನು ಶುರು ಮಾಡುವುದಿಲ್ಲ. ಮಕ್ಕಳಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಹಾಗಾಗಿ ಡಿಸ್ಕ್ ಬಿಡುವ ಮಾತಿರಲಿಲ್ಲ. ಸರಿ ಮಾಡುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ.

ಬೀಗ ಹಾಕಿದ ಹನ್ನೆರಡು ದಿನ

ಮಾರನೆಯ ದಿನವೇ ನಾನು ಆದೇಶ ಹೊರಡಿಸಿದೆ. ಮಕ್ಕಳು ಡಿಸ್ಕ್ ಮುಟ್ಟುವಂತಿಲ್ಲ. ಎಲ್ಲವನ್ನೂ ಬಾಗಿಲಿರುವ ಕಪಾಟಿಗೆ ಹಾಕಿ ಬೀಗ ಜಡಿದೆ. ಬೇಕಾದಾಗ ಕೇಳಿ, ತೆಗೆದುಕೊಡುತ್ತೇನೆ ಅಂದೆ.

ಅವರು ಕೇಳಿದರು. ಕೇಳುತ್ತಲೇ ಇದ್ದರು. ನಾನು ಫೋನಿನಲ್ಲಿದ್ದಾಗ, ಸ್ನಾನಕ್ಕೆ ಹೊರಟಾಗ, ಕೈಯಲ್ಲಿ ಪಾತ್ರೆ ಹಿಡಿದಿದ್ದಾಗ. ಒಂದು ಕೈಯಲ್ಲಿ ಬೀಗ ತೆಗೆದು, ಹೊಸ ಡಿಸ್ಕ್ ಹಾಕಿ, ಪ್ಲೇಯರ್‌ನಲ್ಲಿದ್ದ ಹಳೆಯದನ್ನು 'ಆಮೇಲೆ ಇಟ್ಟರಾಯಿತು' ಅಂತ ಮೇಲೆಯೇ ಬಿಡುತ್ತಿದ್ದೆ. ಹನ್ನೆರಡನೆಯ ದಿನ ಹೆಂಡತಿ ಕರೆದು ತೋರಿಸಿದಳು. ಪ್ಲೇಯರ್ ಮೇಲೆ ಏಳು ಡಿಸ್ಕ್, ಒಂದರ ಮೇಲೊಂದು, ಡಬ್ಬಿಯಿಲ್ಲದೆ. "ಇದನ್ನೆಲ್ಲ ಯಾರು ಇಟ್ಟಿದ್ದು ರೀ?" ಅಂದಳು. ಮಕ್ಕಳು ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು.

ಅದೇ ವಾರ ನಡುವಿನವನು ಕಪಾಟಿನ ಮೇಲೆ ಇಟ್ಟಿದ್ದ ಕೀಲಿಗಾಗಿ ಶೆಲ್ಫನ್ನೇ ಏಣಿ ಮಾಡಿಕೊಂಡು ಹತ್ತಿದ್ದ. ಶೆಲ್ಫ್ ಬೀಳಲಿಲ್ಲ, ಅದು ನಮ್ಮ ಪುಣ್ಯ. ಒಂದು ಡಿವಿಡಿ ಡಬ್ಬಿಯ ದಪ್ಪ 14 ಮಿ.ಮೀ. ನೂರು ಡಬ್ಬಿ ಅಂದರೆ 1.4 ಮೀಟರ್ ಉದ್ದದ ಸಾಲು. ಅಷ್ಟು ಭಾರ ಹೊತ್ತ ಶೆಲ್ಫ್ ಮಗುವಿನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿ ಆ ಸಂಜೆಯೇ ಅದನ್ನು ಸ್ಕ್ರೂ ಹಾಕಿ ಗೋಡೆಗೆ ಬಿಗಿದೆ. ಇಡೀ ಪ್ರಕರಣದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಅನ್ನುವವರು ಇದನ್ನೇ ಮಾಡಬೇಕು. ಡಿಸ್ಕ್ ಹಾಳಾದರೆ ಇನ್ನೊಂದು ತರಬಹುದು.

ಬೀಗ ತೆಗೆದ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಎಲ್ಲವನ್ನೂ ಅಕಾರಾದಿಯಲ್ಲಿ ಜೋಡಿಸಿದೆ. ನೋಡಲು ಚಂದ ಇತ್ತು. ಚಿಕ್ಕವಳಿಗೆ ಓದಲು ಬರುವುದಿಲ್ಲ ಅನ್ನುವುದು ಜೋಡಿಸುವಾಗ ನೆನಪಾಗಲಿಲ್ಲ. ಭಾನುವಾರದ ಹೊತ್ತಿಗೆ ಎಲ್ಲ ಮೊದಲಿನಂತೆಯೇ.

ಎಣಿಕೆ

"ಬೈಯೋದು ಆಮೇಲೆ. ಮೊದಲು ಎಣಿಸೋಣ" ಅಂದಿದ್ದು ಹೆಂಡತಿ. ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯಲ್ಲಿರುವ ಪ್ರತಿ ಡಬ್ಬಿ, ಪ್ರತಿ ಡಿಸ್ಕ್ ಬರೆದೆವು. ಆಮೇಲೆ ಅದನ್ನು ಕಂಪ್ಯೂಟರ್‌ಗೆ ಹಾಕಿದೆವು. ಪಟ್ಟಿ ಮಾಡುವ ಆ್ಯಪ್‌ಗಳಿವೆ. ಡಬ್ಬಿಯ ಹಿಂದಿನ ಬಾರ್‌ಕೋಡ್ ತೋರಿಸಿದರೆ ಹೆಸರು ತಾನೇ ಬರುತ್ತದೆ. ನಮ್ಮ ಎಷ್ಟೋ ಹಳೆಯ ಡಿಸ್ಕ್‌ಗಳಿಗೆ ಬರಲಿಲ್ಲ, ಕೈಯಲ್ಲೇ ಹೊಡೆದೆವು.

ಲೆಕ್ಕ ಹೀಗೆ ಬಂತು. ಡಿವಿಡಿ 131, ಬ್ಲೂ-ರೇ 32, ವಿಸಿಡಿ 13, ನಾವೇ ಬರ್ನ್ ಮಾಡಿದ ಮನೆಯ ವಿಡಿಯೋ 11. ಒಟ್ಟು 187. ವಿಸಿಡಿಯಲ್ಲಿ 74 ನಿಮಿಷದಷ್ಟೇ ಹಿಡಿಯುತ್ತಿದ್ದರಿಂದ ಸಿನಿಮಾಗಳು ಎರಡೆರಡು ಡಿಸ್ಕ್‌ನಲ್ಲಿ ಬರುತ್ತಿದ್ದವು. ನಮ್ಮಲ್ಲಿ 13 ಇವೆ ಅಂದರೆ ಒಂದರ ಜೋಡಿ ಎಂದೋ ಹೋಗಿದೆ ಅಂತ ಅರ್ಥ.

ಈ 187ರಲ್ಲಿ ತಮ್ಮ ಡಬ್ಬಿಯಲ್ಲೇ ಇದ್ದವು 104. ತಪ್ಪು ಡಬ್ಬಿಯಲ್ಲಿ 38. ಡಬ್ಬಿಯಿಲ್ಲದೆ ಹೊರಗೆ 29. ಡಬ್ಬಿ ಇದೆ, ಡಿಸ್ಕ್ ಎಲ್ಲೂ ಇಲ್ಲ ಅನ್ನುವಂಥವು 16.

ತಪ್ಪು ಡಬ್ಬಿಯ 38 ನೋಡಿ ಮೊದಲು ತಲೆ ತಿರುಗಿತು. ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು, ತಪ್ಪು ಮಾಡಿದ್ದು 38 ಸಲ ಅಲ್ಲ. ಒಂದು ಡಿಸ್ಕ್ ಪರರ ಡಬ್ಬಿಗೆ ಹೋಗುತ್ತದೆ. ಆ ಡಬ್ಬಿಯ ಯಜಮಾನ ವಾಪಸ್ ಬಂದಾಗ ಜಾಗ ಇಲ್ಲ. ಅದು ಇನ್ನೊಂದು ಡಬ್ಬಿಗೆ. ಅಲ್ಲಿಂದ ಎದ್ದವರು ಮತ್ತೊಂದಕ್ಕೆ. ಕುರ್ಚಿ ಆಟದ ಹಾಗೆ. ಮೊದಲ ತಪ್ಪು ಒಂದೇ, ಉಳಿದವರೆಲ್ಲ ಜಾಗ ಇಲ್ಲದೆ ಕೂತವರು. ನಮ್ಮ ಸಾಲುಗಳನ್ನು ಹಿಡಿದು ಹೋದಾಗ ಅತಿ ಉದ್ದದ್ದು ಒಂಬತ್ತು ಡಬ್ಬಿ ದಾಟಿತ್ತು. ಶುರುವಿನಲ್ಲಿ ಇದ್ದದ್ದು ನನ್ನದೊಂದು ಪತ್ತೇದಾರಿ ಸಿನಿಮಾ. ಅದನ್ನು ಮಕ್ಕಳು ಮುಟ್ಟುವುದೇ ಇಲ್ಲ.

ಹೊರಗಿದ್ದ 29ರಲ್ಲಿ ಪ್ಲೇಯರ್ ಮೇಲೆ 11, ಟಿವಿಯ ಕೆಳಗಿನ ಡ್ರಾಯರ್‌ನಲ್ಲಿ 9, ಆಟಿಕೆ ಬುಟ್ಟಿಯಲ್ಲಿ 6, ಸೋಫಾ ಕೆಳಗೆ 2, ಪ್ಲೇಯರ್ ಒಳಗೆ 1. ಆಟಿಕೆ ಬುಟ್ಟಿ, ಸೋಫಾ ಮಕ್ಕಳ ಲೆಕ್ಕ. ಉಳಿದದ್ದರಲ್ಲಿ ದೊಡ್ಡವರ ಪಾಲು ಜಾಸ್ತಿ.

ಎಣಿಕೆಯ ಜೊತೆಗೆ ಇನ್ನೊಂದು ಕೆಲಸ ಮಾಡಿದೆವು. ಟಿವಿ ಪಕ್ಕ ಒಂದು ಹಾಳೆ ಅಂಟಿಸಿ, ಯಾವ ಡಿಸ್ಕ್ ಹಾಕಿದರೂ ಹೆಸರು ಬರೆದು ಗೆರೆ ಎಳೆಯಬೇಕು ಅಂದೆವು. ಒಂದು ತಿಂಗಳು ನಡೆಯಿತು. ಆ ತಿಂಗಳಲ್ಲಿ ಮಕ್ಕಳು ಹಾಕಿದ್ದು ಬರೀ 24 ಡಿಸ್ಕ್. ಅದರಲ್ಲೂ ಒಂದಕ್ಕೆ 17 ಗೆರೆ. ಅಂದರೆ ನಾವು 187 ಡಿಸ್ಕ್‌ಗಳಿಗೆ ಕಾನೂನು ಮಾಡುತ್ತಿದ್ದೆವು, ಓಡಾಡುತ್ತಿದ್ದದ್ದು 24. ಇದು ಗೊತ್ತಾದ ದಿನ ಅರ್ಧ ಕೆಲಸ ಮುಗಿದ ಹಾಗಾಯಿತು.

ಗೀರು, ಜಿಡ್ಡು ಮತ್ತು ನಮ್ಮ ತಪ್ಪು ತಿಳುವಳಿಕೆ

ಕೈಗೆ ಸಿಕ್ಕ 171 ಡಿಸ್ಕ್‌ಗಳನ್ನೂ ಹಾಕಿ ನೋಡಿದೆವು. ಮೂರು ವಾರದ ರಾತ್ರಿಗಳು ಹೋದವು. ಇಡೀ ಸಿನಿಮಾ ನೋಡಬೇಕಿಲ್ಲ. ಶುರು, ನಡು, ಕೊನೆ, ಮೂರು ಕಡೆ ಒಂದೊಂದು ನಿಮಿಷ ಸಾಕು. ಕಾರಣ ಇದೆ. ಡಿಸ್ಕ್‌ನ ಓದು ಶುರುವಾಗುವುದು ಒಳಗಿನ ತೂತಿನ ಹತ್ತಿರದಿಂದ, ಸುತ್ತುತ್ತಾ ಹೊರಗೆ ಹೋಗುತ್ತದೆ. ಮಕ್ಕಳ ಬೆರಳು ಬೀಳುವುದು ಹೊರಗಿನ ಅಂಚಿಗೆ. ಹಾಗಾಗಿ ಎಷ್ಟೋ ಡಿಸ್ಕ್‌ಗಳು ಚೆನ್ನಾಗಿ ಶುರುವಾಗಿ ಕೊನೆಯಲ್ಲಿ ಕೈಕೊಡುತ್ತವೆ. ಒಂದು ಮಾತ್ರ ವಿಚಿತ್ರವಾಗಿತ್ತು. ಚಿಕ್ಕವಳ 17 ಗೆರೆಯ ಸಿನಿಮಾ ಸರಿಯಾಗಿ ನಡುವಿನಲ್ಲಿ ನಿಲ್ಲುತ್ತಿತ್ತು. ಶುರು ಚೆನ್ನ, ಕೊನೆ ಚೆನ್ನ. ಅದು ಎರಡು ಪದರದ ಡಿವಿಡಿ, 4.7 ಜಿಬಿ ಬದಲು 8.5 ಜಿಬಿ ಹಿಡಿಯುವಂಥದ್ದು. ಇಂಥ ಸಿನಿಮಾ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಪದರ ಒಳಗಿಂದ ಹೊರಗೆ ಓದುತ್ತದೆ, ಎರಡನೆಯದು ಹೊರಗಿಂದ ಒಳಗೆ ವಾಪಸ್ ಬರುತ್ತದೆ. ಅಂದರೆ ಅಂಚಿನ ಕಡೆ ಇರುವುದು ಸಿನಿಮಾದ ನಡುಭಾಗ. ಅಂಚಿನ ತುಂಬ ಅವಳ ಪುಟ್ಟ ಬೆರಳಚ್ಚು.

ತೊಂದರೆ ಕೊಟ್ಟವು ಒಟ್ಟು 41. ಅವುಗಳಲ್ಲಿ 19 ಮಕ್ಕಳ ಆ 24ರೊಳಗಿನವು. ನಾನು ಅಂದುಕೊಂಡಿದ್ದು ಎಲ್ಲ ಗೀರಾಗಿ ಹೋಗಿವೆ ಅಂತ. ಎಸೆಯುವ ಮುಂಚೆ ಒಂದು ಸಲ ತೊಳೆಯೋಣ ಅಂತ ತೊಳೆದೆವು. ಆ 41ರಲ್ಲಿ 19 ಡಿಸ್ಕ್ ಬರೀ ತೊಳೆದಿದ್ದಕ್ಕೇ ಓಡಿದವು. ಹೆಚ್ಚುಕಮ್ಮಿ ಅರ್ಧ! ಗೀರು ಅಂತ ನಾವು ಕರೆದಿದ್ದು ಜಿಡ್ಡು.

ತೊಳೆಯುವ ಕ್ರಮ ದೊಡ್ಡದೇನಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ, ಮೆತ್ತಗಿನ ಹಳೆಯ ಹತ್ತಿ ಬಟ್ಟೆ. ಒರೆಸುವುದು ತೂತಿನಿಂದ ಅಂಚಿಗೆ, ನೇರವಾಗಿ. ನಾನು ಇಷ್ಟು ವರ್ಷ ಗುಂಡಗೆ ಒರೆಸುತ್ತಿದ್ದೆ, ತಟ್ಟೆ ಒರೆಸಿದ ಹಾಗೆ. ಡಿಸ್ಕ್‌ನ ಮಾಹಿತಿ ಸುರುಳಿಯಾಗಿ ಇರುತ್ತದೆ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲಿ ಒಂದು ಚೂರನ್ನು ಮಾತ್ರ ಕೆಡಿಸುತ್ತದೆ. ಅಷ್ಟು ಚೂರನ್ನು ರೀಡ್-ಸಾಲೊಮನ್ ಅನ್ನುವ ತಪ್ಪು ತಿದ್ದುವ ಲೆಕ್ಕದಿಂದ ಪ್ಲೇಯರ್ ತುಂಬಿಕೊಳ್ಳುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಹಾಗಲ್ಲ, ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ನುಂಗುತ್ತದೆ. ಅಲ್ಲಿ ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ. ಬಟ್ಟೆಯಲ್ಲಿ ಒಂದು ಮರಳಿನ ಕಣ ಇದ್ದರೂ ಗುಂಡಗೆ ಒರೆಸಿದವನು ತಾನೇ ಅಂಥ ಗೀರು ಎಳೆಯುತ್ತಾನೆ. ಥಿನ್ನರ್, ನೈಲ್ ಪಾಲಿಷ್ ತೆಗೆಯುವ ಅಸಿಟೋನ್ ಹತ್ತಿರಕ್ಕೂ ತರಬಾರದು. ಡಿಸ್ಕ್‌ನ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್, ಅದು ಮಬ್ಬಾಗಿ ಹೋಗುತ್ತದೆ.

ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅನ್ನುವ ಮನೆಮದ್ದನ್ನೂ ಒಂದು ಹಾಳು ಡಿವಿಡಿ ಮೇಲೆ ಪರೀಕ್ಷೆ ಮಾಡಿದೆ. ಪೇಸ್ಟ್ ಅಂದರೆ ಸಣ್ಣ ಉಜ್ಜುಪುಡಿ. ತೀರಾ ಮೇಲುಮೇಲಿನ ಗೀರು ಸವೆಯಬಹುದು. ನನ್ನ ಡಿಸ್ಕ್‌ನಲ್ಲಿ ಗೀರೂ ಉಳಿಯಿತು, ಜೊತೆಗೆ ಒಂದು ಮಂಜು ಬಂತು. ಮಕ್ಕಳಿಗೆ ಅದರಿಂದ ಪುದೀನ ವಾಸನೆ ಬರುತ್ತಿದೆ ಅಂತ ಖುಷಿ.

ಉಳಿದ 22ರಲ್ಲಿ 12 ನಿಜವಾಗಿ ಗೀರು ಬಿದ್ದವು. ಪಾಲಿಷ್ ಯಂತ್ರ ಇದ್ದವರ ಹತ್ತಿರ ಕೊಟ್ಟಾಗ 7 ಸರಿಹೋದವು. 4 ಮನೆಯ ವಿಡಿಯೋಗಳು, ಅವುಗಳ ಕಥೆ ಮುಂದೆ ಬರುತ್ತದೆ. 3 ವಿಸಿಡಿ, 3 ಬಿರುಕು ಬಿಟ್ಟ ಡಿವಿಡಿ.

ಆ ಮೂರು ವಿಸಿಡಿ ಹಾಳಾಗಿದ್ದಕ್ಕೆ ನನ್ನ ಉಪದೇಶವೇ ಕಾರಣ. 'ಹೊಳೆಯುವ ಮುಖ ಮೇಲೆ ಮಾಡಿ ಇಡಿ, ಅದಕ್ಕೆ ಗೀರು ಬೀಳಬಾರದು' ಅಂತ ಮಕ್ಕಳಿಗೆ ಹೇಳಿ ಹೇಳಿ ಕಲಿಸಿದ್ದೆ. ಅವರು ಹಾಗೇ ಇಟ್ಟರು. ಚಿತ್ರ ಇರುವ ಮುಖ ನೆಲಕ್ಕೆ ಉಜ್ಜಿತು. ಸಿಡಿ, ವಿಸಿಡಿಗಳಲ್ಲಿ 1.2 ಮಿ.ಮೀ. ಪ್ಲಾಸ್ಟಿಕ್ ಇರುವುದು ಹೊಳೆಯುವ ಕಡೆ. ಮಾಹಿತಿಯ ಲೋಹದ ಪದರ ಇರುವುದು ಚಿತ್ರದ ಬೆನ್ನಿಗೆ, ತೆಳು ವಾರ್ನಿಷ್ ಮತ್ತು ಬಣ್ಣದ ಕೆಳಗೆ. ಅಲ್ಲಿ ಗೀರಿದರೆ ಮಾಹಿತಿಯೇ ಎದ್ದು ಬರುತ್ತದೆ. ಆ ಮೂರನ್ನು ದೀಪಕ್ಕೆ ಹಿಡಿದಾಗ ಜರಡಿಯ ಹಾಗೆ ಬೆಳಕು ತೂರಿ ಬಂತು. ಇದಕ್ಕೆ ಪಾಲಿಷ್ ಇಲ್ಲ, ಏನೂ ಇಲ್ಲ. ಡಿವಿಡಿ ಬೇರೆ ಥರ. 0.6 ಮಿ.ಮೀ.ನ ಎರಡು ಬಿಲ್ಲೆ ಅಂಟಿಸಿ ಮಾಡಿದ್ದು, ಮಾಹಿತಿ ನಡುವೆ. ಬ್ಲೂ-ರೇಯಲ್ಲಿ ಮಾಹಿತಿ ಓದುವ ಮುಖದಿಂದ ಬರೀ 0.1 ಮಿ.ಮೀ. ಒಳಗೆ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪ ಹಾಕಿರುತ್ತಾರೆ. ನಮ್ಮ 32 ಬ್ಲೂ-ರೇಗಳಲ್ಲಿ ಗೀರಿನಿಂದ ಸತ್ತದ್ದು ಒಂದೂ ಇಲ್ಲ. ಲೇಪ ದಾಟಿ ಆಳಕ್ಕೆ ಗೀರಿದರೆ ಮಾತ್ರ ಅದನ್ನು ಉಜ್ಜಿ ಸರಿ ಮಾಡುವಷ್ಟು ದಪ್ಪವೇ ಅಲ್ಲಿಲ್ಲ.

ಈಗ ನಮ್ಮನೆ ನಿಯಮ ಬದಲಾಗಿದೆ. ಯಾವ ಮುಖವೂ ನೆಲಕ್ಕೆ ತಾಗಬಾರದು.

ಚಿಕ್ಕವಳ ಹೆಬ್ಬೆರಳು

ಬಿರುಕು ಬಿಟ್ಟ ಮೂರು ಡಿವಿಡಿಗಳೇ ಈ ಪ್ರಕರಣದ ಗುಟ್ಟು ಬಿಚ್ಚಿದ್ದು. ಮೂರರಲ್ಲೂ ಬಿರುಕು ಒಂದೇ ಕಡೆ, ನಡುವಿನ ತೂತಿನ ಅಂಚಿನಿಂದ ಹೊರಗೆ, ಕೂದಲೆಳೆಯಷ್ಟು ಸಣ್ಣಗೆ. ಬಿದ್ದರೆ ಹಾಗೆ ಒಡೆಯುವುದಿಲ್ಲ. ಹೇಗೆ ಆಯಿತು ಅಂತ ಗೊತ್ತಾಗಲು ಚಿಕ್ಕವಳ ಪಕ್ಕ ಸುಮ್ನೆ ಕೂತು ನೋಡಬೇಕಾಯಿತು.

ಡಬ್ಬಿ ತೆಗೆದಳು. ಅದು ಸಲೀಸು. ಡಿಸ್ಕ್ ನಡುವಿನ ಗುಂಡಿಗೆ ಕಚ್ಚಿಕೊಂಡಿತ್ತು. ಆ ಗುಂಡಿಯನ್ನು ಒತ್ತಿದರೆ ಅದರ ಹಲ್ಲುಗಳು ಒಳಕ್ಕೆ ಬಾಗಿ ಡಿಸ್ಕ್ ಸಡಿಲವಾಗುತ್ತದೆ. ಅವಳು ಹೆಬ್ಬೆರಳಿನಿಂದ ಒತ್ತಿದಳು. ಬೆರಳ ತುದಿ ಬಿಳಿಯಾಯಿತು, ಗುಂಡಿ ಅಲುಗಲಿಲ್ಲ. ಎರಡೂ ಹೆಬ್ಬೆರಳು ಇಟ್ಟಳು. ಊಹುಂ. ಆಗ ಡಬ್ಬಿಯನ್ನು ಮೊಣಕಾಲಿನ ನಡುವೆ ಹಿಡಿದು, ಡಿಸ್ಕ್‌ನ ಅಂಚಿಗೆ ನಾಲ್ಕು ಬೆರಳು ತೂರಿಸಿ ಎಳೆದಳು. ಡಿಸ್ಕ್ ಬಿಲ್ಲಿನ ಹಾಗೆ ಬಾಗಿತು. ಬಾಗಿದ ಮೇಲ್ಮೈ ಮೇಲೆ ಕಿಟಕಿಯ ಬೆಳಕು ಒಂದು ಗೆರೆಯಾಗಿ ಜಾರಿತು. ನಾನು ಬಾಯಿ ತೆರೆಯುವಷ್ಟರಲ್ಲಿ 'ಟಕ್' ಅಂತ ಎದ್ದು ಬಂತು. ಅವಳು ಗೆದ್ದವಳ ಹಾಗೆ ನನ್ನ ಕಡೆ ತಿರುಗಿದಳು.

ಮುಗಿದ ಮೇಲೆ ವಾಪಸ್ ಇಡುವುದು ಇನ್ನೂ ಕಷ್ಟ. ತೂತನ್ನು ಗುಂಡಿಗೆ ಸರಿಯಾಗಿ ಕೂರಿಸಿ, ಸುತ್ತ ಸಮನಾಗಿ ಒತ್ತಿ, 'ಕ್ಲಿಕ್' ಅನ್ನಿಸಬೇಕು. ಅವಳಿಗೆ ಅದು ಸಾಧ್ಯವೇ ಇಲ್ಲ. ಹಾಗಾಗಿ ಇಡುವುದಿಲ್ಲ. ಪ್ಲೇಯರ್ ಮೇಲೆ, ಇಲ್ಲವೇ ಆಟಿಕೆ ಬುಟ್ಟಿಗೆ. ನಾಲ್ಕು ವರ್ಷದವಳಿಗೆ ತೆಗೆಯಲು ಬರುತ್ತದೆ, ಇಡಲು ಬರುವುದಿಲ್ಲ. ನಮಗೆ ಇಡಲು ಬರುತ್ತದೆ, ಪುರುಸೊತ್ತಿಲ್ಲ. ಎರಡರ ಫಲವೂ ಒಂದೇ. ಇಷ್ಟು ದಿನ ನಾವು ಮಕ್ಕಳ ಶಿಸ್ತಿನ ಬಗ್ಗೆ ಜಗಳ ಆಡುತ್ತಿದ್ದೆವು. ತಕರಾರು ಇದ್ದದ್ದು ಡಬ್ಬಿಯಲ್ಲಿ. ಅಂಗಡಿಯಲ್ಲಿ, ಸಾಗಾಟದಲ್ಲಿ ಡಿಸ್ಕ್ ಅಲುಗದಿರಲಿ ಅಂತ ಮಾಡಿದ ಡಬ್ಬಿ ಅದು. ದಿನಕ್ಕೆ ಎರಡು ಸಲ ತೆಗೆದಿಡುವ ಮಗುವಿಗಾಗಿ ಮಾಡಿದ್ದಲ್ಲ.

ಬಿರುಕು ಬಿಟ್ಟ ಡಿಸ್ಕ್‌ಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಎರಡು ಇನ್ನೂ ಓಡುತ್ತಿದ್ದವು. ಆದರೂ ಎಸೆದೆವು. ಡಿವಿಡಿ ಮಾಮೂಲು ವೇಗದಲ್ಲೇ ನಿಮಿಷಕ್ಕೆ ಸುಮಾರು 570ರಿಂದ 1,600 ಸುತ್ತು ತಿರುಗುತ್ತದೆ. ಕಂಪ್ಯೂಟರ್ ಡ್ರೈವ್‌ನಲ್ಲಿ ಇದರ ಹಲವು ಪಟ್ಟು. ಆ ವೇಗದಲ್ಲಿ ಬಿರುಕು ಸೀಳಿದರೆ ಡ್ರೈವ್ ಒಳಗೆಲ್ಲ ಚೂರು.

ಆಲ್ಬಂ

ದಾರಿ ಸಿಕ್ಕ ಮೇಲೆ ಕೆಲಸ ಬೇಗ ಆಯಿತು. ಮಕ್ಕಳ 24 ಡಿಸ್ಕ್‌ಗಳನ್ನು ಡಬ್ಬಿಯಿಂದ ಬಿಡಿಸಿ ಜೇಬುಗಳಿರುವ ಒಂದು ಆಲ್ಬಂಗೆ ಹಾಕಿದೆವು. ಪ್ರತಿ ಡಿಸ್ಕ್‌ನ ಎದುರಿನ ಜೇಬಿನಲ್ಲಿ ಅದರ ಡಬ್ಬಿಯ ಚಿತ್ರದ ಸಣ್ಣ ಪ್ರತಿ. ಓದಲು ಬಾರದವಳೂ ಚಿತ್ರ ನೋಡಿ ಆರಿಸುತ್ತಾಳೆ. ಖಾಲಿ ಡಬ್ಬಿಗಳು ಮೇಲಿನ ಶೆಲ್ಫ್‌ಗೆ ಹೋದವು, ಒಳಗೆ 'ಆಲ್ಬಂ, ಜೇಬು 9' ಅಂತ ಚೀಟಿ.

ಆಲ್ಬಂ ಆರಿಸುವಾಗ ಒಂದು ಎಚ್ಚರ. ಮೆತ್ತಗೆ, ವಾಸನೆ ಬರುವ ಪಿವಿಸಿ ಜೇಬುಗಳು ಬೇಡ. ಆ ಪ್ಲಾಸ್ಟಿಕ್‌ಗೆ ಮೆತುವು ಬರಲು ಹಾಕಿದ ರಾಸಾಯನಿಕ ಕಾಲಕ್ರಮೇಣ ಹೊರಬಂದು ಡಿಸ್ಕ್‌ಗೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಜೇಬು, ಹಿಂಬದಿಗೆ ನೇಯದ ಮೆತ್ತನೆ ಬಟ್ಟೆ ಇರುವುದು ವಾಸಿ. ಅದೂ ಪೂರ್ತಿ ನಿರಪಾಯವಲ್ಲ. ಧೂಳು ಸೇರಿದರೆ ಜಾರಿಸಿದಾಗಲೆಲ್ಲ ಸಣ್ಣ ಗೀರು ಬೀಳುತ್ತದೆ. ವರ್ಷಗಟ್ಟಲೆ ಇಡಲು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡುವುದೇ ಸರಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ತಂದ ಕೈಪಿಡಿಯೂ ಹಾಗೇ ಹೇಳುತ್ತದೆ. ನಾವು ಗೊತ್ತಿದ್ದೂ ಈ 24ಕ್ಕೆ ಬೇರೆ ದಾರಿ ಹಿಡಿದೆವು. ಜೇಬಿನ ಸಣ್ಣ ಗೀರು, ಆಟಿಕೆ ಬುಟ್ಟಿಯ ದೊಡ್ಡ ಗೀರಿಗಿಂತ ಮೇಲು ಅಲ್ವಾ? ಉಳಿದ ದೊಡ್ಡವರ ಡಿಸ್ಕ್‌ಗಳು ಡಬ್ಬಿಯಲ್ಲೇ, ನೆಟ್ಟಗೆ, ಕಿಟಕಿಯಿಂದ ದೂರ.

ಪ್ರತಿ ಡಿಸ್ಕ್‌ಗೂ ಅದರ ಜೇಬಿನ ನಂಬರ್ ಬರೆದೆವು. ಸ್ಟಿಕ್ಕರ್ ಹಾಕಲಿಲ್ಲ. ಒಂದು ಕಡೆ ಭಾರವಾದರೆ ತಿರುಗುವಾಗ ಡಿಸ್ಕ್ ಅಲುಗುತ್ತದೆ, ಬಿಸಿಗೆ ಅಂಟು ಬಿಟ್ಟರೆ ಪ್ಲೇಯರ್ ಒಳಗೆ ಸುತ್ತಿಕೊಳ್ಳುತ್ತದೆ. ತೂತಿನ ಸುತ್ತ ಮಾಹಿತಿಯಿಲ್ಲದ ಪಾರದರ್ಶಕ ಉಂಗುರ ಇರುತ್ತದಲ್ಲ, ಅಲ್ಲಿ ನೀರು ಬೆರೆತ ಶಾಯಿಯ ಮಾರ್ಕರ್ ಪೆನ್ನಿನಿಂದ ಸಣ್ಣಗೆ ಬರೆದರೆ ಸಾಕು. ಬಾಲ್‌ಪೆನ್ ಬೇಡ, ಅದು ಒತ್ತುತ್ತದೆ.

ನಿಯಮ ಒಂದೇ ಮಾಡಿದೆವು. ಡಿಸ್ಕ್ ಓಡುವಾಗ ಆಲ್ಬಂ ಪ್ಲೇಯರ್ ಪಕ್ಕದಲ್ಲಿ ತೆರೆದೇ ಇರಬೇಕು, ಖಾಲಿ ಜೇಬು ಕಾಣುವಂತೆ. ಖಾಲಿ ಜೇಬು ತುಂಬುವ ತನಕ ಪುಟ ತಿರುಗಿಸುವಂತಿಲ್ಲ. ಇನ್ನೊಂದು ಸಿನಿಮಾ ಬೇಕಾದರೆ ಮೊದಲನೆಯದು ಮನೆಗೆ ಹೋಗಲೇಬೇಕು. ಇದನ್ನು ಯಾರೂ ಕಾಯಬೇಕಿಲ್ಲ, ಹಸಿದ ಬಾಯಿಯ ಹಾಗೆ ಜೇಬೇ ಕೂತಿರುತ್ತದೆ. ನನಗೂ ಇದು ನಾಟಿತು. ಪ್ಲೇಯರ್ ಮೇಲೆ ಡಿಸ್ಕ್ ಇಡಲು ಹೋದರೆ ಕೈ ತಾನೇ ಆಲ್ಬಂ ಕಡೆ ತಿರುಗುತ್ತದೆ.

ಕೈ ಪಳಗಿಸಲು ಸತ್ತ ಡಿಸ್ಕ್‌ಗಳು ಉಪಯೋಗಕ್ಕೆ ಬಂದವು. ಬಿರುಕು ಬಿಟ್ಟವನ್ನು ಬಿಟ್ಟು ಉಳಿದ ಎಂಟನ್ನು ಆಟಕ್ಕೆ ಕೊಟ್ಟೆವು. ದೊಡ್ಡವಳು ತಾನೇ ಮೇಷ್ಟ್ರಾದಳು. "ತೋರುಬೆರಳು ತೂತಿಗೆ, ಹೆಬ್ಬೆರಳು ಅಂಚಿಗೆ" ಅಂತ ರಾಗವಾಗಿ ಹೇಳಿಸಿದಳು. ನಡುವಿನವನಿಗೆ ಅರ್ಧ ಗಂಟೆಯಲ್ಲಿ ಬಂತು. ಚಿಕ್ಕವಳಿಗೆ ತೂತಿನಿಂದ ಅಂಚಿಗೆ ಬೆರಳು ನಿಲುಕಲಿಲ್ಲ. ಡಿಸ್ಕ್ 120 ಮಿ.ಮೀ. ಅಗಲ, ಅಂಚಿನಿಂದ ನಡುವಿಗೆ 60. ಅವಳು ತನ್ನದೇ ಒಂದು ಉಪಾಯ ಕಂಡುಕೊಂಡಳು. ಎರಡು ಅಂಗೈಗಳ ನಡುವೆ ಅಂಚು ಮಾತ್ರ ತಾಗುವಂತೆ ಡಿಸ್ಕ್ ಹಿಡಿದು, ತುಂಬಿದ ಬಟ್ಟಲು ತರುವವಳ ಹಾಗೆ ಉಸಿರು ಬಿಗಿಹಿಡಿದು ನಡೆಯುತ್ತಾಳೆ. ಪ್ಲೇಯರ್ ತಟ್ಟೆಯನ್ನು ಕೈಯಿಂದ ತಳ್ಳಬಾರದು, ಗುಂಡಿ ಒತ್ತಿ ಕಾಯಬೇಕು ಅನ್ನುವುದನ್ನೂ ಆಗಲೇ ಕಲಿಸಿದೆವು. ಹಾಕುವ ಮುಂಚೆ ತಟ್ಟೆ ಖಾಲಿ ಇದೆಯಾ ಅಂತ ನೋಡುವುದನ್ನು ಕಲಿಸಲು ಮರೆತಿದ್ದೆವು. ಒಂದು ಸಂಜೆ ತಟ್ಟೆಯಲ್ಲಿ ಎರಡು ಡಿಸ್ಕ್ ಒಂದರ ಮೇಲೊಂದು ಹೋಗಿ ಕೂತು ಕಿರಗುಟ್ಟಿದವು. ಈಗ ಅದನ್ನೂ ಕಲಿತಿದ್ದಾರೆ.

ಈ ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ವಸ್ತು, ಚಿಕ್ಕ ಪ್ಲೇಯರ್‌ನ ತೆಳ್ಳನೆ ರಿಮೋಟ್. ಅದರಲ್ಲಿ ಇರುವುದು ನಾಣ್ಯದಂಥ ಬ್ಯಾಟರಿ. ಮುಚ್ಚಳ ಉಗುರಿನಿಂದ ಎಳೆದರೆ ಬರುತ್ತಿತ್ತು. ಈ ಬ್ಯಾಟರಿ ನುಂಗಿದರೆ, ಗಂಟಲಿನ ಕೆಳಗೆ ಸಿಕ್ಕಿಕೊಂಡಾಗ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಆ ರಿಮೋಟ್ ತೆಗೆದು, ಸ್ಕ್ರೂ ಇರುವ ಮುಚ್ಚಳದ, ಪೆನ್ಸಿಲ್ ಸೆಲ್ ಹಾಕುವ ರಿಮೋಟ್ ತಂದೆವು.

ದೊಡ್ಡವರ ಸಿನಿಮಾಗಳ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಡಿವಿಡಿ ಪ್ಲೇಯರ್‌ನಲ್ಲಿ 1ರಿಂದ 8ರವರೆಗೆ ಹಂತಗಳ ಮಕ್ಕಳ ಬೀಗ ಇರುತ್ತದೆ. ಆದರೆ ಡಿಸ್ಕ್‌ನಲ್ಲೇ ಹಂತ ನಮೂದಾಗಿರದಿದ್ದರೆ ಬೀಗ ಸುಮ್ಮನಿರುತ್ತದೆ. ಅದರ ಪಾಸ್‌ವರ್ಡ್ ಕೈಪಿಡಿಯಲ್ಲಿ ಅಚ್ಚಾಗಿತ್ತು. ದೊಡ್ಡವಳು ಕೈಪಿಡಿ ಓದಿದ್ದಳು. ಎತ್ತರದ ಶೆಲ್ಫ್, ಮತ್ತು ಕೇಳಿದಾಗ ಯಾಕೆ ಬೇಡ ಅಂತ ಹೇಳುವುದು, ನಮ್ಮಲ್ಲಿ ಕೆಲಸ ಮಾಡಿದ್ದು ಇಷ್ಟೇ.

ನಾವೇ ಬರ್ನ್ ಮಾಡಿದ ಹನ್ನೊಂದು

ಕೊಂಡ ಸಿನಿಮಾ ಹಾಳಾದರೆ ಮತ್ತೆ ಸಿಗುತ್ತದೆ. ಸತ್ತವುಗಳಲ್ಲಿ ಮಕ್ಕಳು ನಿಜವಾಗಿ ಕೇಳಿದ್ದು ನಾಲ್ಕನ್ನು, ಆ ನಾಲ್ಕನ್ನು ಮತ್ತೆ ತಂದೆವು. ಮನೆಯ ವಿಡಿಯೋ ಹಾಗಲ್ಲ. ಅವುಗಳನ್ನು ಬೇರೆ ಡಿಸ್ಕ್‌ಗಳ ಜೊತೆಯೇ ಇಟ್ಟಿದ್ದೆವು, ಕಿಟಕಿ ಪಕ್ಕದ ಸಾಲಿನಲ್ಲಿ. ಕಾರ್ಖಾನೆಯ ಡಿಸ್ಕ್‌ನಲ್ಲಿ ಮಾಹಿತಿ ಅಚ್ಚೊತ್ತಿದ ಗುಳಿಗಳಾಗಿರುತ್ತದೆ. ನಾವು ಬರ್ನ್ ಮಾಡುವ ಡಿವಿಡಿ-ಆರ್‌ನಲ್ಲಿ ಅದು ಒಂದು ಬಣ್ಣದ ಪದರದಲ್ಲಿ ಸುಟ್ಟ ಗುರುತು. ಬಿಸಿಲಿಗೆ, ಶಾಖಕ್ಕೆ ಆ ಬಣ್ಣ ಕೆಡುತ್ತದೆ. ಜೊತೆಗೆ ನಾನು ಆಸೆಪಟ್ಟು ಮಕ್ಕಳ ಫೋಟೋ ಮುದ್ರಿಸಿ ಗುಂಡನೆಯ ಸ್ಟಿಕ್ಕರ್ ಅಂಟಿಸಿದ್ದೆ. ಅವು ಅಲ್ಲಲ್ಲಿ ಗುಳ್ಳೆ ಎದ್ದಿದ್ದವು.

ನಾಲ್ಕು ಓದಲಿಲ್ಲ. ಟಿವಿಯ ಪ್ಲೇಯರ್ ಕೈಬಿಟ್ಟದ್ದನ್ನು ಕಂಪ್ಯೂಟರ್ ಡ್ರೈವ್ ಒಮ್ಮೊಮ್ಮೆ ಓದುತ್ತದೆ, ಒಂದು ಡ್ರೈವ್ ಸೋತದ್ದನ್ನು ಇನ್ನೊಂದು ಓದುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಡ್ರೈವ್‌ನಲ್ಲಿ ನಿಧಾನಕ್ಕೆ ಪ್ರಯತ್ನಿಸಿದೆವು. ಎರಡು ಪೂರ್ತಿ ಬಂದವು. ಒಂದು ಮುಕ್ಕಾಲು ಬಂತು. ನಾಲ್ಕನೆಯದು ಬರಲೇ ಇಲ್ಲ. ಅದು ನಡುವಿನವನು ಮೊದಲ ಹೆಜ್ಜೆ ಇಟ್ಟ ದಿನದ್ದು. ಅವನಿಗೆ ಹೇಳಿದಾಗ "ನಾನು ಈಗಲೂ ನಡೀತೀನಲ್ಲ ಅಪ್ಪಾ" ಅಂದ.

ಬಂದವನ್ನೆಲ್ಲ ಕಂಪ್ಯೂಟರ್‌ಗೆ, ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ, ಇನ್ನೊಂದು ಪ್ರತಿ ಹೆಂಡತಿಯ ಅಣ್ಣನ ಮನೆಗೆ. ಇದನ್ನು ಎಣಿಕೆಗೂ ಮುಂಚೆ, ಮೊದಲ ದಿನವೇ ಮಾಡಬೇಕಿತ್ತು. ಕೊಂಡ ಸಿನಿಮಾಗಳನ್ನೂ ಹೀಗೆ ನಕಲು ಮಾಡಿಡಬಹುದಲ್ಲ ಅಂತ ಕೇಳಬಹುದು. ಅವುಗಳಿಗೆ ನಕಲು ತಡೆಯುವ ಬೀಗ ಇರುತ್ತದೆ. ಸ್ವಂತಕ್ಕೆ ಅದನ್ನು ಮುರಿಯಬಹುದೇ ಅನ್ನುವುದು ಒಂದೊಂದು ದೇಶದ ಕಾನೂನಿನಲ್ಲಿ ಒಂದೊಂದು ಥರ. ನಾವು ಆ ಗೋಜಿಗೆ ಹೋಗಲಿಲ್ಲ.

ಆರು ತಿಂಗಳ ನಂತರದ ಎಣಿಕೆ

ಆರು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ಹಿಡಿದು ಮತ್ತೆ ಎಣಿಸಿದೆವು. ಹೊರಗೆ ಬಿದ್ದವು 29ರಿಂದ 3ಕ್ಕೆ ಇಳಿದಿದ್ದವು. ತಪ್ಪು ಡಬ್ಬಿಯಲ್ಲಿ 2, ಎರಡೂ ನನ್ನವೇ. ಕಾಣೆಯಾಗಿದ್ದ 16ರಲ್ಲಿ 11 ಸಿಕ್ಕಿದವು. ಡ್ರಾಯರ್ ಹಿಂದಿನ ಸಂದಿಯಲ್ಲಿ ಐದು, ನೆಂಟರು ಎರವಲು ಒಯ್ದಿದ್ದು ನಾಲ್ಕು, ಕಾರಿನ ಪ್ಲೇಯರ್ ಒಳಗೆ ಒಂದು, ಹಳೆಯ ಲ್ಯಾಪ್‌ಟಾಪ್ ಒಳಗೆ ಒಂದು. ಎರವಲು ಕೊಡುವಾಗ ಈಗ ಡಬ್ಬಿಯ ಜಾಗದಲ್ಲಿ ಹೆಸರು ಬರೆದ ಚೀಟಿ ನಿಲ್ಲಿಸುತ್ತೇವೆ. ಉಳಿದ ಐದರ ಆಸೆ ಬಿಟ್ಟಿದ್ದೇವೆ.

ಆರು ತಿಂಗಳಲ್ಲಿ ಆಲ್ಬಂನ ಎರಡು ಡಿಸ್ಕ್ ಹಾಳಾದವು. ಎರಡೂ ಮನೆಗೆ ಬಂದ ಮಕ್ಕಳ ಕೈಯಲ್ಲಿ. ನಮ್ಮ ಮೂವರಿಗೆ ಗೊತ್ತಿದ್ದ ಹಿಡಿತ ಅವರಿಗೆ ಗೊತ್ತಿರಲಿಲ್ಲ, ಹೇಳಿಕೊಡಲು ನಮಗೆ ಹೊಳೆದಿರಲಿಲ್ಲ. ಈಗ ಯಾರೇ ಬಂದರೂ ಆಲ್ಬಂನ ಜವಾಬ್ದಾರಿ ನಡುವಿನವನದು. ಡಿಸ್ಕ್ ಹಾಕುವವನು ಅವನೇ. ಅಧಿಕಾರ ಸ್ವಲ್ಪ ಜಾಸ್ತಿಯೇ ಚಲಾಯಿಸುತ್ತಾನೆ.

ಹೊಸದೊಂದು ತಕರಾರು ಮಾತ್ರ ಹುಟ್ಟಿಕೊಂಡಿದೆ. ದೊಡ್ಡವಳಿಗೆ ಈಗ ಆಲ್ಬಂ ಅಂದರೆ ಚಿಕ್ಕ ಮಕ್ಕಳದ್ದು. ತನ್ನ ನಾಲ್ಕು ಡಿಸ್ಕ್‌ಗಳನ್ನು ಬಿಡಿಸಿಕೊಂಡು, ಡಬ್ಬಿಗೆ ಹಾಕಿ, ಮೇಲಿನ ಶೆಲ್ಫ್‌ನಲ್ಲಿ ನಮ್ಮ ಸಿನಿಮಾಗಳ ಪಕ್ಕ ಸಾಲಾಗಿ ಇಟ್ಟಿದ್ದಾಳೆ. ಅದರಲ್ಲಿ ಜೇಬು 6ರದ್ದು ಚಿಕ್ಕವಳಿಗೂ ಬೇಕು. ಎರಡು ದಿನ ಅಳು ನಡೆಯಿತು. ಈಗ ಜೇಬು 6ರಲ್ಲಿ ಡಿಸ್ಕ್ ಬದಲು ಒಂದು ಚೀಟಿ ಇದೆ. ದೊಡ್ಡವಳ ಅಕ್ಷರ: 'ಮೇಲೆ ಇದೆ. ಕೇಳಿ ತಗೋ.' ಕೆಳಗೆ, ಓದಲು ಬಾರದವಳಿಗಾಗಿ, ಒಂದು ಶೆಲ್ಫ್‌ನ ಚಿತ್ರ, ಅದರ ಪಕ್ಕ ಜಡೆ ಹಾಕಿದ ಒಂದು ಹುಡುಗಿ.